ಅಪರಾಧಶಾಸ್ತ್ರದ ಆರಂಭಕಾಲವನ್ನು ಓದುವ ಬಗೆ

ಅಪರಾಧಶಾಸ್ತ್ರದ ಚರಿತ್ರೆಯನ್ನು ಓದಹೊರಟವರು ಸಾಮಾನ್ಯವಾಗಿ ಇಟಲಿಯ ವೈದ್ಯ ಲೊಂಬ್ರೋಸೊ ಅವರಿಂದ ತೊಡಗುತ್ತಾರೆ. ಹಾಗೆ ಮಾಡದಿರುವುದೇ ಮೇಲು. ಒಂದು ಹಾಳೆಯ ಮೇಲೆ ಮೂರು ಅಂಕಣಗಳನ್ನು ಹಾಕಿಕೊಂಡು, ಪ್ರತಿಯೊಬ್ಬ ಲೇಖಕರ ಎದುರಿಗೂ ಏನನ್ನು ಅಳೆದರು, ಯಾರನ್ನು ಅಳೆದರು, ಯಾರೊಂದಿಗೆ ಹೋಲಿಸಿದರು ಎಂಬುದನ್ನು ಬರೆಯುತ್ತಾ ಹೋಗಿ.

1764ರಲ್ಲಿ ಪ್ರಕಟವಾದ ಇಟಲಿಯ ಚಿಂತಕ ಬೆಕ್ಕಾರಿಯಾ ಅವರ ಕೃತಿಯ ಎದುರಿಗೆ ಮೂರು ಅಂಕಣಗಳೂ ಖಾಲಿ ಉಳಿಯುತ್ತವೆ. ಶಿಕ್ಷೆಯು ಕ್ರೂರವಾಗಿರುವುದಕ್ಕಿಂತ ತಪ್ಪದೆ ಆಗುವುದು ಮುಖ್ಯವೆಂದು ವಾದಿಸುವ ಆ ಪುಟ್ಟ ಪುಸ್ತಕದಲ್ಲಿರುವುದು ಕಾನೂನಿನ ವಿಮರ್ಶೆಯೇ ಹೊರತು ಅಪರಾಧಿಗಳ ಅಧ್ಯಯನವಲ್ಲ.

ಹೆಚ್ಚು ಸಮಯ ಕೊಡಬೇಕಾದದ್ದು ಎಣಿಕೆ ಆರಂಭವಾದ ಕಾಲಕ್ಕೆ. ಫ್ರಾನ್ಸಿನ ಸರ್ಕಾರವು 1827ರಿಂದ ಅಪರಾಧ ಮೊಕದ್ದಮೆಗಳ ವಾರ್ಷಿಕ ಅಂಕಿಅಂಶಗಳನ್ನು ಪ್ರಕಟಿಸತೊಡಗಿತು. ಅವುಗಳನ್ನು ಆಧರಿಸಿ ವಕೀಲ ಗೆರ್ರಿ 1833ರಲ್ಲಿ ಹೊರತಂದ ನಕ್ಷೆಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ (ಅಪರಾಧ ಹೆಚ್ಚಿರುವ ಕಡೆ ಬಣ್ಣ ಕಪ್ಪು): ವ್ಯಕ್ತಿಗಳ ಮೇಲಿನ ಅಪರಾಧಗಳ ನಕ್ಷೆಯಲ್ಲಿ ದಕ್ಷಿಣ ಭಾಗ ಕಪ್ಪಾಗಿದ್ದರೆ, ಆಸ್ತಿಯ ಮೇಲಿನ ಅಪರಾಧಗಳ ನಕ್ಷೆಯಲ್ಲಿ ಕಪ್ಪು ಸಿರಿವಂತ ಉತ್ತರಕ್ಕೆ ಸರಿದಿದೆ. ಬಡತನವೇ ಕಳ್ಳತನದ ಮೂಲವೆಂಬ ನಂಬಿಕೆಗೆ ಬಿದ್ದ ಪೆಟ್ಟನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಕೆಟ್ಲೆ ಇದೇ ಅಂಕಿಅಂಶಗಳಲ್ಲಿ, ಕೊಲೆಗೆ ಬಳಸಿದ ಆಯುಧಗಳ ಪ್ರಮಾಣವೂ ಸೇರಿದಂತೆ, ವರ್ಷದಿಂದ ವರ್ಷಕ್ಕೆ ಮರುಕಳಿಸುವ ಒಂದು ಕ್ರಮವನ್ನು ಗುರುತಿಸಿದರು. ಬೆಳಕಿಗೆ ಬಂದ ಅಪರಾಧಗಳಿಗೂ ಬಾರದವುಗಳಿಗೂ ಇರುವ ಅನುಪಾತ ಬದಲಾಗದು ಎಂದು ಒಪ್ಪಿಕೊಂಡರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ ಎಂಬ ಅವರದೇ ಎಚ್ಚರಿಕೆಯನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ; ನನ್ನ ಮಟ್ಟಿಗೆ ಅವರ ಕೃತಿಯ ಅತ್ಯಂತ ಬೆಲೆಯುಳ್ಳ ಮಾತು ಅದೇ.

ಲೊಂಬ್ರೋಸೊ ಅವರ ಸರದಿ ಇನ್ನು ಬರಲಿ. ವಿಲ್ಲೆಲ್ಲಾ ಎಂಬ ಕೈದಿಯ ತಲೆಬುರುಡೆಯ ಹಿಂಭಾಗದ ಒಳಗಡೆ ಕಂಡ ಒಂದು ತಗ್ಗು, ಅಪರಾಧಿಯು ಆದಿಮಾನವನ ಸ್ಥಿತಿಗೆ ಮರಳಿದವನೆಂಬ ಊಹೆಗೆ ಅವರನ್ನು ಕೊಂಡೊಯ್ದಿತು. 1876ರ ಅವರ ಗ್ರಂಥ ಆ ಊಹೆಯನ್ನೇ ಬೆಳೆಸಿತು. ಶಾಸ್ತ್ರಕ್ಕೆ ಇಂದಿನ ಹೆಸರು ನೆಲೆಗೊಂಡದ್ದರಲ್ಲಿ ಇಟಲಿಯ ನ್ಯಾಯಾಧೀಶ ಗರೋಫಾಲೊ ಅವರ 1885ರ ಪುಸ್ತಕದ ಪಾತ್ರ ದೊಡ್ಡದು ಎಂದಷ್ಟೇ ಗುರುತು ಹಾಕಿಕೊಂಡು ಮುಂದೆ ಸಾಗಬಹುದು.

ಮೂರನೆಯ ಅಂಕಣ ಗಟ್ಟಿಯಾಗಿ ತುಂಬುವುದು 1913ರಲ್ಲಿ. ಇಂಗ್ಲೆಂಡಿನ ಸೆರೆಮನೆ ವೈದ್ಯ ಗೋರಿಂಗ್ ಸುಮಾರು 3,000 ಕೈದಿಗಳ ಅಳತೆಗಳನ್ನು ಸೈನಿಕರು, ವಿದ್ಯಾರ್ಥಿಗಳು ಮೊದಲಾದವರ ಅಳತೆಗಳೊಂದಿಗೆ ಹೋಲಿಸಿ, ಅಪರಾಧಿಗೆಂದೇ ಪ್ರತ್ಯೇಕ ದೇಹಲಕ್ಷಣವಿಲ್ಲವೆಂದು ತೋರಿಸಿದರು. ಆದರೆ ಅವರನ್ನೂ ಇದೇ ಹಾಳೆಯಲ್ಲಿ ಪರೀಕ್ಷಿಸಿ: ಕೈದಿಗಳ ಬುದ್ಧಿಮಾಂದ್ಯಕ್ಕೆ ಅವರು ಅಪಾರ ಮಹತ್ವ ಕೊಟ್ಟರು, ಆ ಬುದ್ಧಿಯನ್ನು ಅಳೆದದ್ದಾದರೋ ಪರೀಕ್ಷೆಯಿಂದಲ್ಲ, ನೋಡಿದವರ ಅಂದಾಜಿನಿಂದ.