ಇಪ್ಪತ್ತು ಗೆರಿಲ್ಲಾಗಳು, ಏಳು ಬಗೆಯ ಕಂದು

28 ಮಿಲಿಮೀಟರ್ ಎತ್ತರದ ಲೋಹದ ಸೈನಿಕ ಬೊಂಬೆಗಳಿಗೆ ಬಣ್ಣ ಹಚ್ಚುವುದು ನನ್ನ ಹವ್ಯಾಸ. ನೆಪೋಲಿಯನ್ನನ ಫ್ರೆಂಚ್ ಸೈನಿಕರು ಸುಲಭ. ನೀಲಿ ಕೋಟು, ಎದೆಯ ಮೇಲೆ ಬಿಳಿ ಪಟ್ಟಿ. ಒಬ್ಬನಿಗೆ ಹಚ್ಚಿದ್ದನ್ನೇ ಎಲ್ಲರಿಗೂ ಹಚ್ಚಬಹುದು. ಆಮೇಲೆ ಅವರ ಎದುರಾಳಿಗಳು ಬೇಕು ಅನ್ನಿಸಿ, 1808ರಿಂದ 1814ರವರೆಗೆ ಸ್ಪೇನಿನಲ್ಲಿ ಅವರನ್ನು ಕಾಡಿದ ಗೆರಿಲ್ಲಾಗಳ 20 ಬೊಂಬೆ ತರಿಸಿದೆ. ಇವರಿಗೆ ಸಮವಸ್ತ್ರವೇ ಇರಲಿಲ್ಲ. ಮತ್ತೆ ಯಾವ ಬಣ್ಣ ಹಚ್ಚುವುದು?

ಮೊದಲ ನಾಲ್ವರಿಗೆ ಸುಮ್ನೆ ಮನಸ್ಸಿಗೆ ಬಂದಂತೆ ಕೆಂಪು, ಹಸಿರು, ಹಳದಿ ಹಚ್ಚಿದೆ. ಒಣಗಿದ ಮೇಲೆ ನೋಡಿದರೆ ಜಾತ್ರೆಗೆ ಹೊರಟವರ ಹಾಗಿದ್ದರು. ಹೊಲ ಬಿಟ್ಟು ಬಂದ ರೈತರು, ಕುರಿ ಕಾಯುವವರು ಅನ್ನಿಸಲೇ ಇಲ್ಲ. ಆಲ್ಕೋಹಾಲ್‌ನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ ಎಲ್ಲ ತೆಗೆದೆ.

ಆಮೇಲೆ ಆ ಕಾಲದ ಸ್ಪೇನಿನ ಚಿತ್ರಕಾರ ಗೋಯಾನ ಚಿತ್ರಗಳ ಮುಂದೆ ಕೂತೆ. 1808ರ ಮೇ 3ರಂದು ಮ್ಯಾಡ್ರಿಡ್‌ನಲ್ಲಿ ಫ್ರೆಂಚರು ಜನರನ್ನು ಗುಂಡಿಟ್ಟು ಕೊಂದ ಚಿತ್ರವನ್ನು ಅವನು ಬರೆದದ್ದು 1814ರಲ್ಲಿ. ಕೋವಿಗಳ ಎದುರು ಎರಡೂ ಕೈ ಎತ್ತಿ ಮಂಡಿಯೂರಿದವನ ಬಿಳಿ ಅಂಗಿ, ಹಳದಿ ಪ್ಯಾಂಟು ಎಲ್ಲರ ಕಣ್ಣಿಗೂ ಬೀಳುತ್ತವೆ, ಅಲ್ವಾ? ನೀವು ಅವನ ಅಕ್ಕಪಕ್ಕದವರನ್ನು ನೋಡಿ. ಕಂದು, ಬೂದು, ಮಣ್ಣಿನ ಬಣ್ಣ. ನನಗೆ ದಾರಿ ಸಿಕ್ಕಿದ್ದು ಅಲ್ಲಿ.

ಆ ಕಂದು ಬಟ್ಟೆಗೆ ಸ್ಪ್ಯಾನಿಷ್‌ನಲ್ಲಿ ಪಾನ್ಯೋ ಪಾರ್ದೋ ಅನ್ನುತ್ತಾರೆ. ಕಂದು ಕುರಿಯ ಉಣ್ಣೆಯ ಒರಟು, ದಪ್ಪ ಬಟ್ಟೆ. ಗಿಡ್ಡ ಜಾಕೆಟ್ಟು, ಮೊಣಕಾಲವರೆಗಿನ ಪ್ಯಾಂಟು, ಮೇಲುಹೊದಿಕೆ ಎಲ್ಲಕ್ಕೂ ಅದೇ. ಆದರೆ ಒಂದು ಕುರಿಯ ಬಣ್ಣ ಇನ್ನೊಂದಕ್ಕಿಲ್ಲ. ಹಳೆಯ ಜಾಕೆಟ್ಟಿನ ಹೆಗಲು ಬಿಸಿಲಿಗೆ ಬಿಳಚಿಕೊಂಡಿರುತ್ತದೆ. ಅದಕ್ಕೇ ರಾ ಅಂಬರ್, ಬರ್ಂಟ್ ಅಂಬರ್ ಎಂಬ ಮಣ್ಣುಗಂದು ಬಣ್ಣಗಳಿಗೆ ಕಪ್ಪು, ಬಿಳಿ ಬೆರೆಸಿ ಏಳು ಬಗೆಯ ಕಂದು ಮಾಡಿಟ್ಟುಕೊಂಡೆ. ಒಬ್ಬನ ಜಾಕೆಟ್ಟಿಗೂ ಪ್ಯಾಂಟಿಗೂ ಒಂದೇ ಕಂದು ಬರದ ಹಾಗೆ ನೋಡಿಕೊಂಡೆ. ಮೇಲೆ ತೆಳು ಕಪ್ಪು ವಾಶ್, ಅಂದರೆ ನೀರಾಗಿಸಿದ ಬಣ್ಣ, ಹೆಗಲಿಗೆ ಒಣ ಬ್ರಶ್‌ನಿಂದ ತಿಳಿ ಬಣ್ಣ. ಅಷ್ಟೇ, ಜೀವ ಬಂತು.

ಗಾಢ ಬಣ್ಣವನ್ನು ಸೊಂಟಕ್ಕೆ ಉಳಿಸಿಕೊಂಡೆ. ಅಲ್ಲಿ ಫಾಹಾ ಎಂಬ ಉದ್ದನೆಯ ನಡುಪಟ್ಟಿಯನ್ನು ಹಲವು ಸುತ್ತು ಸುತ್ತುತ್ತಿದ್ದರು. ಮಡಚುವ ಚೂರಿಯನ್ನೂ ಅದರಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದರು. ಕೆಂಪು ಅಥವಾ ನೀಲಿ ಹಚ್ಚಿ. ಹೆಗಲ ಮೇಲಿನ ಪಟ್ಟೆ ಕಂಬಳಿಗೆ ಎರಡೇ ಗೆರೆ ಸಾಕು. ತಲೆಗೆ ಕಟ್ಟಿದ ವಸ್ತ್ರ, ಇಲ್ಲವೇ ಅಗಲ ಅಂಚಿನ ಟೋಪಿ. ಕೆಂಪು ಉದ್ದ ಟೋಪಿ ಕ್ಯಾಟಲೋನಿಯಾದವರದ್ದು. ನನ್ನವರು ಸಾಲಮಾಂಕಾ ಕಡೆಯವರು, ಗೆರಿಲ್ಲಾ ನಾಯಕ ಹುಲಿಯಾನ್ ಸಾಂಚೆಸ್‌ನ ಸೀಮೆಯವರು. ಹಾಗಾಗಿ ಅದನ್ನು ಕೊಡಲಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಪಾದಗಳು. ಆಲ್ಪಾರ್ಗಾತಾ ಅಂದರೆ ಎಸ್ಪಾರ್ತೊ ಹುಲ್ಲು ಅಥವಾ ಸೆಣಬಿನ ಹಗ್ಗದ ಅಟ್ಟೆಯ ಮೆಟ್ಟು. ಅದರ ದಾರವನ್ನು ಕಾಲಿಗೆ ಸುತ್ತಿ ಕಟ್ಟುತ್ತಾರೆ. ಅಟ್ಟೆಗೆ ಹಳದಿಗಂದಿನ ರಾ ಸಿಯೆನ್ನಾ ಹಚ್ಚಿ, ಹಗ್ಗದ ಸುತ್ತುಗಳನ್ನು ತುಂಬ ಸಣ್ಣ ತುದಿಯ 00 ಬ್ರಶ್‌ನಿಂದ ಎಳೆದೆ. ಬೂಟು ಹಾಕಿಸಿದ್ದು ಮೂವರಿಗೆ ಮಾತ್ರ. ಅದೂ ಫ್ರೆಂಚರಿಂದ ಕಿತ್ತುಕೊಂಡ ಬೂಟು.

1809ರ ಏಪ್ರಿಲ್‌ನಲ್ಲಿ ಫ್ರೆಂಚರ ವಿರುದ್ಧ ನಿಂತಿದ್ದ ಸ್ಪೇನಿನ ಸರ್ಕಾರವಾದ ಕೇಂದ್ರ ಜುಂಟಾ, ಫ್ರೆಂಚರ ಮೇಲೆ ಬಿದ್ದು ಸಿಕ್ಕಿದ್ದನ್ನು ಇಟ್ಟುಕೊಳ್ಳಲು ಜನರಿಗೆ ಅನುಮತಿ ಕೊಟ್ಟಿತ್ತು. ಅದಕ್ಕೇ ಇಬ್ಬರ ತಲೆಗೆ ಶಾಕೋ ಎಂಬ ಎತ್ತರದ ಫ್ರೆಂಚ್ ಸೈನಿಕ ಟೋಪಿಯನ್ನೂ ಇಟ್ಟೆ. ಅದರ ಮೂರು ಬಣ್ಣದ ಬಿಲ್ಲೆಯ ಮೇಲೆ ಸ್ಪೇನಿನ ಕೆಂಪು ಬಳಿದೆ. ಎಸ್ಪೋಸ್ ಇ ಮಿನಾನಂಥ ಗೆರಿಲ್ಲಾ ನಾಯಕರ ಪಡೆಗಳು ಬರಬರುತ್ತಾ ಸಮವಸ್ತ್ರದ ರೆಜಿಮೆಂಟುಗಳೇ ಆದವು. ನನ್ನ ಗುಂಪು ಇನ್ನೂ 1810ರಲ್ಲಿದೆ.

ಎಲ್ಲ ಮುಗಿಸಿ ಎರಡೂ ಕಡೆಯವರನ್ನು ಎದುರುಬದುರು ನಿಲ್ಲಿಸಿದಾಗ ಇನ್ನೊಂದು ವಿಷಯ ನೆನಪಾಯಿತು. ಸ್ಪೇನಿನಲ್ಲಿ ಬಟ್ಟೆ ಹರಿದುಹೋದ ಫ್ರೆಂಚ್ ಸೈನಿಕರು, ಅಲ್ಲಿನ ಮಠಗಳಲ್ಲಿ ಸಿಕ್ಕ ಸನ್ಯಾಸಿಗಳ ಕಂದು ಬಟ್ಟೆಯಲ್ಲೇ ಪ್ಯಾಂಟು ಹೊಲಿಸಿಕೊಂಡಿದ್ದರು. ಈಗ ಆ ಹಳೆಯ ಫ್ರೆಂಚರನ್ನೂ ಮತ್ತೆ ಮೇಜಿಗೆ ತಂದಿದ್ದೇನೆ. ಉಳಿದ ಕಂದು ಅವರ ಪ್ಯಾಂಟುಗಳಿಗೆ.