ಮಾಟದ ಕಾದಂಬರಿ ಬರೀತೀರಾ? ಕೋಟೆ ಬಿಡಿ, ಗುಡ್ಡದ ಬುಡದ ಮನೆ ಹಿಡಿಯಿರಿ

ಕಾಸರಗೋಡಿನಲ್ಲಿ ಗೋಥಿಕ್ ಕಾದಂಬರಿ, ಅಂದರೆ ಹಳೇ ಕಟ್ಟಡ, ಕತ್ತಲು, ಹೆದರಿಕೆಯ ಕಥೆ, ಬರೆಯಲು ಹೊರಟವರು ಮೊದಲು ಹೋಗುವುದೇ ಬೇಕಲ ಕೋಟೆಗೆ. ಬೇಡ. ಕೆಳದಿ ನಾಯಕರ ಕೋಟೆ, ಚಂದ ಉಂಟು, ಆದರೆ ಪೂರ್ತಿ ಬಯಲು. ಬಿಸಿಲು, ಗಾಳಿ, ಮದುವೆಗೆ ಮೊದಲೇ ಫೋಟೋ ತೆಗೆಸಿಕೊಳ್ಳುವ ಜೋಡಿಗಳು. ಹೆದರಿಕೆಗೆ ಅಲ್ಲಿ ಜಾಗವೇ ಇಲ್ಲ. 1764ರಲ್ಲಿ ಇಂಗ್ಲೆಂಡಿನಲ್ಲಿ ಈ ಬಗೆಯ ಕಾದಂಬರಿ ಶುರುವಾದಾಗ ಅವರಿಗೆ ಕೋಟೆ, ನೆಲಮಾಳಿಗೆ ಬೇಕಿತ್ತು. ನಮಗೆ ಅಡಿಕೆ ತೋಟದ ನಡುವಿನ ಒಂದು ಹಳೇ ಮನೆ, ಅದರ ಹಿಂದಿನ ಗುಡ್ಡದಲ್ಲಿ ಒಂದು ಸುರಂಗ ಇದ್ದರೆ ಸಾಕು.

ಸುರಂಗ ಗೊತ್ತಲ್ವಾ? ಬಾಯಾರು, ಪಡ್ರೆ ಕಡೆ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು. ಒಬ್ಬ ಹೋಗುವಷ್ಟೇ ಅಗಲ, ಒಳಗೆ ಬಾವಲಿ, ಕಾಲಡಿ ತಣ್ಣಗೆ ಹರಿಯುವ ನೀರು. ಅಗೆಯುವವರು ಒಳಗೆ ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. ಅದು ಬೆಳಕಿಗೆ ಮಾತ್ರ ಅಲ್ಲ. ಬತ್ತಿ ಮಂಕಾದರೆ ಗಾಳಿ ಸಾಲುತ್ತಿಲ್ಲ, ಹೊರಗೆ ಓಡಬೇಕು ಅಂತ ಲೆಕ್ಕ. ಆ ಬತ್ತಿಯನ್ನು ಸರಿಯಾಗಿ ಬಳಸಿದರೆ ಒಂದು ಇಡೀ ಅಧ್ಯಾಯಕ್ಕೆ ದೆವ್ವವೇ ಬೇಡ.

ಇನ್ನು ಮಾಟ. ನಿಂಬೆಹಣ್ಣು, ಕುಂಕುಮ, ತಲೆಬುರುಡೆ ಎಲ್ಲ ಸೀರಿಯಲಿನವರಿಗೆ ಬಿಡಿ. ಮಂತ್ರವಾದಿಯನ್ನು ಕರೆಸುವ ಮೊದಲು ಕರೆಸುವವನ ಆಸೆ ಏನು ಅಂತ ಗಟ್ಟಿ ಮಾಡಿಕೊಳ್ಳಿ. ನನ್ನ ಸಲಹೆ, ಕಥೆಯನ್ನು 1970ರಲ್ಲಿ ಶುರು ಮಾಡಿ. ಆ ವರ್ಷ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿ ಮುಗಿಯಿತು, ಅಂಗಳದಲ್ಲಿ ನಿಂತು ಮಾತಾಡುತ್ತಿದ್ದ ಒಕ್ಕಲು ಗದ್ದೆಯ ಹಕ್ಕುದಾರನಾದ, ದೊಡ್ಡ ಮನೆಗಳ ಕಣಜ ಖಾಲಿಯಾಯಿತು. ಮನೆ ಅಳಿಯಸಂತಾನದ್ದಾದರೆ, ಅಂದರೆ ಯಜಮಾನಿಕೆ ಮಗನಿಗಲ್ಲದೆ ಸೋದರಳಿಯನಿಗೆ ಹೋಗುವ ಪದ್ಧತಿಯದ್ದಾದರೆ, ಇನ್ನೂ ಒಳ್ಳೆಯದು. ಯಜಮಾನಿಕೆ ಬಿಡದ ಮಾವ, ಕಾದು ಕಾದು ಸುಸ್ತಾದ ಅಳಿಯ, ಏನೂ ಸಿಗದ ಮಗ. ಅಳಿಯ ಮಾಟ ಮಾಡಿಸಲಿ, ಅದು ಫಲಿಸಲಿ, ಮಾವ ಹಾಸಿಗೆ ಹಿಡಿಯಲಿ, ಯಜಮಾನಿಕೆ ಅವನ ಕೈಗೇ ಬರಲಿ. ಅಷ್ಟರಲ್ಲಿ 1976. ಅವಿಭಕ್ತ ಕುಟುಂಬವನ್ನೇ ಕಾನೂನು ರದ್ದು ಮಾಡಿದ ವರ್ಷ. ಎಲ್ಲರಿಗೂ ಅವರವರ ಪಾಲು, ಯಜಮಾನನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಇಷ್ಟು ಕ್ರೂರವಾದ ತಿರುವನ್ನು ನಾವು ಕೂತು ಕಟ್ಟಲು ಆಗುವುದಿಲ್ಲ, ಸರ್ಕಾರವೇ ಕಟ್ಟಿಕೊಟ್ಟಿದೆ.

ಮಂತ್ರದ ಪುಸ್ತಕ ಬೇಕೇ ಬೇಕು ಅಂದರೆ ಅಟ್ಟದಲ್ಲಿ ಓಲೆಗರಿ ಕಟ್ಟು ಇಡಿ. ತಿಗಳಾರಿ ಲಿಪಿ, ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಗರಿಯನ್ನು ಕಂಟ ಅನ್ನುವ ಚೂಪು ಮೊನೆಯ ಕಡ್ಡಿಯಿಂದ ಕೊರೆದಿರುತ್ತಾರೆ, ಬರಿಗಣ್ಣಿಗೆ ಗೀಚಿದ ಹಾಗೆ ಅಷ್ಟೇ. ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಮೇಲೆ ಸವರಿ ಬಟ್ಟೆಯಿಂದ ಒರೆಸಿದರೆ ಅಕ್ಷರಗಳು ಒಂದೊಂದಾಗಿ ಕಪ್ಪಗೆ ಎದ್ದು ಬರುತ್ತವೆ. ಈ ದೃಶ್ಯಕ್ಕೆ ಒಂದು ಪುಟ ಕೊಡಿ, ಅವಸರ ಬೇಡ.

ಆದರೆ ನಿಜವಾದ ಮಂತ್ರ ಇರುವುದು ಆಧಾರದಲ್ಲಿ, ಅಂದರೆ ಆಸ್ತಿಯ ಕಾಗದದಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಕಾಗದಪತ್ರ ಮಲಯಾಳಕ್ಕೆ ತಿರುಗುತ್ತಾ ಹೋಯಿತು. ಮಾವನಿಗೆ ಕನ್ನಡ ಮಾತ್ರ ಓದಲು ಬರುತ್ತದೆ, ಅಳಿಯನಿಗೆ ಎರಡೂ.

"ಇದರಲ್ಲಿ ಎಂತ ಬರೆದಿದೆ, ಓದು ಮಾರಾಯ."

"ಎಂತದೂ ಇಲ್ಲ ಮಾವ, ತೀರ್ವೆಯ ಕಾಗದ. ಇಲ್ಲೊಂದು ರುಜು ಹಾಕಿ."

ಇಲ್ಲಿ ಮಿಂಚು, ಗುಡುಗು, ನಾಯಿ ಊಳಿಡುವುದು ಒಂದೂ ಬೇಡ.

ದೈವಗಳನ್ನು ಮಾತ್ರ ಖಳನಾಯಕ ಮಾಡಬೇಡಿ. ಹೊರಗಿನವರು ಬರೆದಾಗ ಇದೇ ಎಡವಟ್ಟು ಜಾಸ್ತಿ. ದೈವ ಎಲ್ಲರೆದುರು ನುಡಿ ಕೊಡುತ್ತದೆ, ತಪ್ಪು ಮಾಡಿದವನನ್ನು ಕರೆದು ಕೇಳುತ್ತದೆ. ಮಾಟ ನಡೆಯುವುದು ಕದ್ದುಮುಚ್ಚಿ. ಅಳಿಯನಿಗೆ ಹೆದರಿಕೆ ಇರಬೇಕಾದ್ದೇ ದೈವ ಮೈಮೇಲೆ ಬಂದು ನುಡಿಯುವ ಕೋಲದ ರಾತ್ರಿಗೆ. ಹಾಗಾಗಿ ಅವನು ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಕಳೆಯಲಿ ಅಂತ ಕಾಯಲಿ. ಆಮೇಲೆ ಕೋಲ ಇಲ್ಲ, ಯಕ್ಷಗಾನದ ಮೇಳಗಳೂ ಗೆಜ್ಜೆ ಬಿಚ್ಚಿರುತ್ತವೆ, ಮಳೆ ಹಿಡಿದರೆ ಪಕ್ಕದ ಮನೆಯವರೂ ಬರುವುದಿಲ್ಲ. ಕೇಳುವವರು ಯಾರೂ ಇಲ್ಲದ ಆ ತಿಂಗಳುಗಳಲ್ಲೇ ಕಥೆಯ ಮುಕ್ಕಾಲು ಭಾಗ ನಡೆಯಲಿ.

ಮಾಟ ನಿಜವೋ ಸುಳ್ಳೋ ಅಂತ ಕೊನೆಗೂ ಹೇಳಬೇಡಿ. ಮಾವನ ಕಾಯಿಲೆಗೆ ಡಾಕ್ಟರ ಬಳಿಯೂ ಒಂದು ಹೆಸರಿರಲಿ.

ಮತ್ತೊಂದು, ಮನೆತನದ ಹೆಸರನ್ನು ಸುಮ್ನೆ ಕಿವಿಗೆ ಚಂದ ಅಂತ ಇಡಬೇಡಿ. ಕುಂಬಳೆಯಿಂದ ಅಡೂರಿನವರೆಗೆ ನಾಲ್ಕು ಜನರನ್ನು ಕೇಳಿ ನೋಡಿ. ಆ ಹೆಸರಿನ ಮನೆ ಎಲ್ಲೋ ಇದ್ದೇ ಇರುತ್ತದೆ, ಅಲ್ಲೊಬ್ಬ ಮಾವ, ಒಬ್ಬ ಅಳಿಯ ಮತ್ತು ಕೋರ್ಟಿನಲ್ಲೊಂದು ಕೇಸು ಕೂಡಾ.