ಗುಂಡುತೋಪಿನ ಲೆಕ್ಕ ಕೊನೆಗೂ ಹತ್ತಿತು

"ಕುರಿ ಕಾಯೋದನ್ನ ನಾವೇ ಕಲಿಸ್ತೀವಿ ಮೇಡಂ, ನೀವು ಮಗ್ಗಿ ಕಲಿಸಿ."

ಎರಡು ವರ್ಷದ ಹಿಂದೆ ಪೋಷಕರ ಸಭೆಯಲ್ಲಿ ಒಬ್ಬರು ಹೀಗೆ ಅಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ, ಹೊಟ್ಟೆ ಉರಿಯುತ್ತಿತ್ತು. ಶನಿವಾರದ ಬೆಳಗಿನ ತರಗತಿಯನ್ನು ಗುಂಡುತೋಪಿಗೆ ಸಾಗಿಸಿದ್ದೇ ನನ್ನ ತಪ್ಪು. ನಮ್ಮದು ಶಿರಾ ತಾಲೂಕಿನ ಸಣ್ಣ ಶಾಲೆ. ನಾಲ್ಕು, ಐದನೇ ತರಗತಿ ಸೇರಿ ಮೂವತ್ತರ ಹತ್ತಿರ ಮಕ್ಕಳು.

ಅವರ ಮಾತೂ ಸುಳ್ಳಲ್ಲ. ಮೊದಲ ಮೂರು ತಿಂಗಳು ಪೂರ್ತಿ ದಂಡ. ಹೊಂಗೆ ಮರದಡಿ ಸಾಲಾಗಿ ಕೂರಿಸಿ ಅದೇ ಪಾಠ ಮಾಡಿದೆ. ವರ್ಕ್‌ಶೀಟು ಗಾಳಿಗೆ ಹಾರಿದವು, ಹುಡುಗರು ಅವುಗಳ ಹಿಂದೆ ಹಾರಿದರು. ಹತ್ತು ಭೂತಗನ್ನಡಿ ತಂದೆ, ಒಂದಕ್ಕೆ ಎಪ್ಪತ್ತೋ ಎಂಬತ್ತೋ. ದೀಪಾವಳಿ ಹೊತ್ತಿಗೆ ಮೂರು ಉಳಿದಿದ್ದವು. ಒಬ್ಬ ಅದರಲ್ಲಿ ತರಗೆಲೆ ಸುಟ್ಟು ತೋರಿಸಿದ. ಅವತ್ತು ಎಲ್ಲರೂ ಕಲಿತಿದ್ದು ಅದೊಂದೇ.

ಆಮೇಲೆ ಟೆಂಪೋ ಮಾಡಿ ಕಗ್ಗಲಡುವಿಗೆ ಕರೆದುಕೊಂಡು ಹೋದೆ. ಹುಣಸೆ ಮರದ ತುಂಬ ಬಣ್ಣದ ಕೊಕ್ಕರೆ ಗೂಡು, ನೋಡೋಕೆ ಚೆಂದ. ಕೈಯಿಂದ ಎರಡು ಸಾವಿರ ಚಿಲ್ಲರೆ ಹೋಯಿತು. ಸೋಮವಾರ ಕೇಳಿದರೆ ಮಕ್ಕಳಿಗೆ ನೆನಪಿದ್ದಿದ್ದು ಚಿತ್ರಾನ್ನ.

ಕೆಲಸ ಮಾಡಿದ್ದು ನೂಲು. ಇಬ್ಬರಿಗೆ ಒಂದು ಮೀಟರ್ ಚೌಕ, ನಾಲ್ಕು ಜಾಲಿ ಗೂಟ. ಪ್ರತಿ ವಾರ ಅದೇ ಜಾಗ, "ಇದು ನಿಮ್ಮ ಹೊಲ." ನೈಲಾನ್ ಉಂಡೆಗೆ ನೂರೈವತ್ತು ರೂಪಾಯಿ ಇರಬೇಕು. ಗರಿಕೆ ಎಣಿಸಿ ಅಂದೆ. ಇನ್ನೂರು ದಾಟಿದ ಮೇಲೆ ಜಗಳ ಶುರು. ಒಳಗೆ 20 ಸೆಂಟಿಮೀಟರಿನ ಪುಟ್ಟ ಚೌಕ ಮಾಡಿ ಎಣಿಸಿ, ಇಂಥವು ಎಷ್ಟು ಹಿಡಿಯುತ್ತವೆ ನೋಡಿ ಅಂದೆ. "ಐದು" ಅಂತ ಕೂಗಿದರು. ಒಂದು ಹುಡುಗಿ ಮಾತಾಡದೆ ಒಂದು ಬದಿಗೆ ಐದು ಕಡ್ಡಿ ಇಟ್ಟಳು, ಪಕ್ಕದ ಬದಿಗೂ ಐದು. ಕಡ್ಡಿ ನೋಡಿದಳು, ನನ್ನ ಮುಖ ನೋಡಿದಳು. "ಇಪ್ಪತ್ತೈದು ಮಿಸ್." ವಿಸ್ತೀರ್ಣ ಅನ್ನುವ ಪದ ನಾನಿನ್ನೂ ಬಾಯಿಗೇ ತಂದಿರಲಿಲ್ಲ!

ಒಂದು ಸಾಲೂ ಬರೆಯದ ಹುಡುಗನೊಬ್ಬನ ಚೌಕದಲ್ಲಿ, ಧೂಳಲ್ಲಿ ಗುಂಡಿ ತೋಡಿ ಅಡಗುವ ಹುಳ ಇತ್ತು. ಇರುವೆ ಅಂಚಿಗೆ ಬಂತು, ಜಾರಿತು. ಹತ್ತಲು ಹೋದರೆ ಕೆಳಗಿನಿಂದ ಮಣ್ಣು ಚಿಮ್ಮಿತು. ಅವನು ಅರ್ಧ ಪುಟ ಬರೆದ. ಕಾಗುಣಿತ ತಪ್ಪು ಹನ್ನೊಂದು, ನಾನು ತಿದ್ದಲಿಲ್ಲ.

ಬಿಸಿಲಿಗೆ ಕಣ್ಣು ಹಾಳು ಅಂದವರೂ ಇದ್ದರು. ಉಲ್ಟಾ ಅಲ್ವಾ? ತೈವಾನಿನಲ್ಲಿ 2010ರಿಂದ ಶಾಲೆ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡಲು ಹೇಳುತ್ತಿರುವುದೇ ಸಮೀಪದೃಷ್ಟಿ ತಡೆಯೋಕೆ.

ಶನಿವಾರದ ಹಾಜರಿ ಮೊದಲು ಹದಿನೆಂಟು, ಇಪ್ಪತ್ತು. ಈಗ ಇಪ್ಪತ್ತಾರಕ್ಕೆ ಕಡಿಮೆ ಇಲ್ಲ. ಮಕ್ಕಳ ಜೋಡಿ ಹೇಗೆ ಮಾಡುತ್ತೇನೆ ಅಂತ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದರು. ಹೇಳಲಿಲ್ಲ, ಇಲ್ಲೂ ಹೇಳಲ್ಲ, ನಮ್ಮ ಹುಡುಗರು ಓದಿಬಿಡುತ್ತಾರೆ. ಇಷ್ಟು ಮಾತ್ರ ಹೇಳುತ್ತೇನೆ: ಗುಂಡಿ ಹುಳದ ಪಾಠ ಮಾರ್ಚಿನೊಳಗೆ ಮುಗಿಸಿ. ಒಂದು ಮಳೆ ಬಿದ್ದರೆ ಆ ಗುಂಡಿಗಳೆಲ್ಲ ಮುಚ್ಚಿಹೋಗುತ್ತವೆ. ನೂಲನ್ನು ಮಾತ್ರ ಪ್ರತಿ ವಾರ ಬಿಚ್ಚಿಕೊಂಡು ಬನ್ನಿ. ನಾನು ಒಮ್ಮೆ ಬಿಟ್ಟು ಬಂದು, ಮೇಕೆ ಕಾಲಿಗೆ ಸುತ್ತಿಕೊಂಡು, ಊರಿನವರ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದೇನೆ.